ನೀರು ಚೆನ್ನಾಗಿ ಬರ್ತಿದೆ: ಮಲ್ಪೆಯ ಒಂದು ನಾಡದೋಣಿ ಎಂಜಿನ್ನಿನ ಕಾರ್ಬನ್ ಪ್ರಕರಣ

ಇದು ಮಲ್ಪೆ ಆಸುಪಾಸಿನ ಒಂದು ನಾಡದೋಣಿಯ, ಅದರ ಎಂಜಿನ್ನಿನೊಳಗೆ ಕಟ್ಟಿದ ಕರಿಯ (ಕಾರ್ಬನ್) ಕತೆ. ಯಜಮಾನರ ಹೆಸರು, ದೋಣಿಯ ಹೆಸರು, ಎಂಜಿನ್ ಯಾವ ಕಂಪನಿಯದ್ದು ಎನ್ನುವುದನ್ನು ಬಿಟ್ಟಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ) ಎಂಜಿನ್ ರಿಪೇರಿ ಮಾಡುವವನು. ಈ ಎಂಜಿನ್ ನನ್ನ ಕೈಗೆ ಬಂದ ಮೇಲೂ ನಾನು ಒಂದು ಕಡೆ ದಾರಿ ತಪ್ಪಿದೆ. ಅದನ್ನೂ ಬರೆದಿದ್ದೇನೆ. ಅದೇ ತಪ್ಪನ್ನು ಬೇರೆಯವರು ಮಾಡುವುದು ಬೇಡ ಎಂಬ ಆಸೆಯಿಂದಲೇ ಬರೆಯಲು ಕೂತದ್ದು.

ದೋಣಿ, ಎಂಜಿನ್, ಕೆಲಸ

ಫೈಬರ್ ದೋಣಿ. ಮೂರು ಜನ: ಯಜಮಾನರು, ಅವರ ಮಗ, ಜೊತೆಗೆ ಒಬ್ಬ ಹುಡುಗ. ಎಂಜಿನ್ 9.9 ಅಶ್ವಶಕ್ತಿಯದ್ದು, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಒಂದೇ ಕಾರ್ಬುರೇಟರ್. ನಾಲ್ಕು ವರ್ಷ ಹಳೆಯದು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಚಿಮಿಣಿ ಎಣ್ಣೆಗೆ (ಸೀಮೆಎಣ್ಣೆಗೆ) ತಿರುಗಿಸುವ ಮಾದರಿ. ನಮ್ಮ ಕಡೆ 9.9 ಯಾಕೆ ಇಷ್ಟು ಜಾಸ್ತಿ ಅಂದರೆ, ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದ್ದು ಯಾಂತ್ರೀಕೃತ ಬೋಟ್‌ಗಳು ದಕ್ಕೆಯಲ್ಲೇ (ಬಂದರು ಕಟ್ಟೆಯಲ್ಲೇ) ಕಟ್ಟಿರುತ್ತವೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳು ಆಗಲೂ ಹೋಗಬಹುದು. ಆ ಎರಡು ತಿಂಗಳ ದುಡಿಮೆಯನ್ನೇ ನಂಬಿದ ಮನೆಗಳು ಎಷ್ಟೋ ಇವೆ.

ಮೊದಲ ವರ್ಷಗಳಲ್ಲಿ ಇವರು ಅಂಜಲ್ ಮೀನಿಗೆಂದು ಸ್ವಲ್ಪ ದೂರ ಹೋಗುತ್ತಿದ್ದರು. ಮುಕ್ಕಾಲು ಗಂಟೆ, ಒಂದು ಗಂಟೆ ಫುಲ್ ಥ್ರಾಟಲ್. ಈ ಸೀಸನ್‌ನಲ್ಲಿ ಅದನ್ನು ಬಿಟ್ಟು ದಡದ ಹತ್ತಿರವೇ ಕಂತಬಲೆ ಹಾಕಲು ಶುರು ಮಾಡಿದರು. ಬಂಗುಡೆ, ಕಾಣೆ, ನಂಗು ಮೀನುಗಳಿಗೆ. ಅಂದರೆ ಬಲೆ ಬಿಡುವಾಗ ನಿಧಾನ, ಎಳೆಯುವಾಗ ನಿಧಾನ, ನಡುವೆ ಎಂಜಿನ್ ಸುಮ್ನೆ ಗುರುಗುಟ್ಟುತ್ತಾ ಇರುವುದು. ಈ ಬದಲಾವಣೆಯನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಯಾವುದೇ ಎಂಜಿನ್ ಬಂದರೂ ನನ್ನ ಮೊದಲ ಪ್ರಶ್ನೆ ಇದೇ: ಈ ವರ್ಷ ಯಾವ ಬಲೆ?

ತೊಂದರೆ

ಅಕ್ಟೋಬರ್‌ನಲ್ಲಿ ಸ್ಪಾರ್ಕ್ ಪ್ಲಗ್ (ಎಣ್ಣೆಗೆ ಕಿಡಿ ಹೊತ್ತಿಸುವ ಭಾಗ) ಕೈಕೊಡಲು ಶುರುವಾಯಿತು. ಮೂರ್ನಾಲ್ಕು ದಿನಕ್ಕೊಮ್ಮೆ ತೆಗೆದರೆ ಕಪ್ಪು, ಒದ್ದೆ, ಅಂಟು ಅಂಟು. ಪೆಟ್ರೋಲ್‌ನಲ್ಲಿ ತೊಳೆದು ಹಾಕಿದರೆ ಮತ್ತೆ ಎರಡು ದಿನ. ಪಿಕಪ್ ಹೋಯಿತು. ಮೊದಲು ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದ ಎಂಜಿನ್ 4200ಕ್ಕೆ ನಿಂತಿತು. ಅದೇ ಜಾಗಕ್ಕೆ ಹೋಗಿ ಬರಲು ಮೊದಲಿಗಿಂತ ಜಾಸ್ತಿ ಎಣ್ಣೆ ಬೇಕಾಯಿತು.

ಯಜಮಾನರು ಮೊದಲು ಮಾಡಿದ್ದು ಆಯಿಲ್ ಜಾಸ್ತಿ ಮಾಡಿದ್ದು. ಆಯಿಲ್ ಅಂದರೆ ಟೂ ಸ್ಟ್ರೋಕ್ ಎಂಜಿನ್ ಸವೆಯದಂತೆ ಉರಿಯುವ ಎಣ್ಣೆಯಲ್ಲೇ ಬೆರೆಸುವ ಜಾರುಕ. "ಚಿಮಿಣಿ ಎಣ್ಣೆ ಒಣ, ಪಿಸ್ಟನ್ ಜಾಮ್ ಆಗ್ತದೆ" ಅಂತ ಯಾರೋ ಹೆದರಿಸಿದ್ದರು. ಆ ಎಂಜಿನ್ನಿನ ಪುಸ್ತಕದಲ್ಲಿ ಇದ್ದದ್ದು 50:1, ಅಂದರೆ ಲೀಟರ್‌ಗೆ 20 ಮಿಲಿ. ಇವರು 40 ಹಾಕುತ್ತಿದ್ದರು. ಅದೂ ಬೈಕ್‌ಗೆ ಹಾಕುವ 2ಟಿ ಆಯಿಲ್. ಗಾಳಿಯಿಂದ ತಣಿಯುವ ಬೈಕ್ ಎಂಜಿನ್ನಿನ ಆಯಿಲ್‌ನಲ್ಲಿ ಬೂದಿ ಉಳಿಸುವ ಅಂಶ ಸ್ವಲ್ಪ ಇರುತ್ತದೆ. ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗೆ ಬೂದಿ ಇಲ್ಲದ ಆಯಿಲ್ ಬೇಕು. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರುತ್ತದೆ. ಎರಡೂ ನೋಡಲು ಒಂದೇ ತರ, ಅದೇ ಕಷ್ಟ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ದಕ್ಕೆಯಲ್ಲಿ "ಮಿಕ್ಸ್" ಎಂಬ ಒಂದೇ ಪದ ಎರಡು ಬೇರೆ ವಿಷಯಕ್ಕೆ ಓಡಾಡುತ್ತದೆ. ಒಂದು, ಎಣ್ಣೆಗೆ ಎಷ್ಟು ಆಯಿಲ್. ಇನ್ನೊಂದು, ಗಾಳಿಗೆ ಎಷ್ಟು ಎಣ್ಣೆ. ಮೊದಲನೆಯದು ಕ್ಯಾನ್‌ನಲ್ಲಿ ಆಗುವುದು, ಎರಡನೆಯದು ಕಾರ್ಬುರೇಟರ್‌ನಲ್ಲಿ. ಆದರೆ ಒಂದನ್ನು ಮುಟ್ಟಿದರೆ ಇನ್ನೊಂದೂ ಅಲ್ಲಾಡುತ್ತದೆ. ಕಾರ್ಬುರೇಟರ್ ಒಳಗೆ ಎಣ್ಣೆ ಹಾಯುವ ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಹೋಗುವ ದ್ರವದಲ್ಲಿ ಆಯಿಲ್ ಪಾಲು ಜಾಸ್ತಿಯಾದರೆ ಉರಿಯುವ ಎಣ್ಣೆಯ ಪಾಲು ಕಡಿಮೆಯಾಗುತ್ತದೆ. ಆಯಿಲ್ ದಪ್ಪ, ಹಾಗಾಗಿ ಹರಿಯುವುದೂ ನಿಧಾನ. ಹೊಗೆ ದಪ್ಪಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ನೋಡಿದವರು "ರಿಚ್ ಆಗಿದೆ" (ಗಾಳಿಗೆ ಎಣ್ಣೆ ಜಾಸ್ತಿ) ಅನ್ನುತ್ತಾರೆ. ನಿಜಕ್ಕೂ ಗಾಳಿಯ ಲೆಕ್ಕದಲ್ಲಿ ಅದು ಸ್ವಲ್ಪ ಲೀನ್ (ಗಾಳಿಗೆ ಎಣ್ಣೆ ಕಡಿಮೆ) ಕಡೆಗೇ ಸರಿದಿರುತ್ತದೆ.

ಹಾಗೆಯೇ ಆಯಿತು. ಒಬ್ಬ ಮೆಕ್ಯಾನಿಕ್ ಪ್ಲಗ್ ನೋಡಿ, ರಿಚ್ ಎಂದು ತೀರ್ಮಾನಿಸಿ, ಮೇನ್ ಜೆಟ್ ಒಂದು ಸೈಜ್ ಸಣ್ಣದು ಹಾಕಿದರು. ಗಾಳಿ ಸ್ಕ್ರೂ ಒಂದು ಸುತ್ತು ಹೊರಗೆ ತಿರುಗಿಸಿದರು. ಪ್ಲಗ್ ತಿಳಿಯಾಯಿತು. ಎಂಜಿನ್ ಒಂದು ವಾರ ಚುರುಕಾಗಿ ಓಡಿತು. ಎಲ್ಲರಿಗೂ ಸಮಾಧಾನ.

ನವೆಂಬರ್ ಮೊದಲ ವಾರ ಒಂದು ಬೆಳಿಗ್ಗೆ ಅಳಿವೆ ಬಾಗಿಲಲ್ಲಿ, ಹೊಳೆ ಸಮುದ್ರ ಸೇರಿ ತೆರೆ ಏಳುವ ಜಾಗದಲ್ಲೇ, ಕೆಳಗಿನ ಸಿಲಿಂಡರ್ ಬಿಟ್ಟುಬಿಟ್ಟಿತು. ಒಂದೇ ಸಿಲಿಂಡರ್‌ನಲ್ಲಿ ದೋಣಿ ತೆರೆಗೆ ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಎಂಜಿನ್ ನನ್ನ ಶೆಡ್‌ಗೆ ಬಂತು. ಯಜಮಾನರು ಹೇಳಿದ್ದು ಒಂದೇ ಮಾತು: "ದುಡ್ಡು ಎಷ್ಟಾದರೂ ಆಗಲಿ ಮಾರಾಯ್ರೆ, ಬಾಗಿಲಲ್ಲಿ ನಿಲ್ಲಬಾರದು."

ಪ್ಲಗ್ ಮೇಲಿನ ಮಿನುಗು

ಕೆಳಗಿನ ಸಿಲಿಂಡರ್‌ನ ಪ್ಲಗ್ ತೆಗೆದು ಬಿಸಿಲಿಗೆ ಹಿಡಿದೆ. ಬೂದು ಬಿಳಿ ಬಣ್ಣ. ಪಿಂಗಾಣಿಯ ಮೇಲೆ ಮರಳಿನ ಕಣಕ್ಕಿಂತ ಸಣ್ಣ ಮಿನುಗುವ ಚುಕ್ಕೆಗಳು. ಅದು ಅಲ್ಯೂಮಿನಿಯಂ. ಪಿಸ್ಟನ್ನಿನ ತಲೆ ಕರಗಲು ಶುರುವಾಗಿದೆ ಎಂದರ್ಥ. ಇದನ್ನು ನೋಡಿದ ಮೇಲೆ ಮತ್ತೊಮ್ಮೆ ಹಗ್ಗ ಎಳೆದು ಸ್ಟಾರ್ಟ್ ಮಾಡಿ ನೋಡೋಣ ಎನ್ನುವ ಮಾತೇ ಇಲ್ಲ.

ಯಜಮಾನರ ಮಗ ಆಮೇಲೆ ಹೇಳಿದ. ಕೊನೆಯ ನಾಲ್ಕು ದಿನ ಫುಲ್ ಥ್ರಾಟಲ್‌ನಲ್ಲಿ ಟಕಟಕ ಎಂದು ಸದ್ದು ಬರುತ್ತಿತ್ತಂತೆ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಅದು ನಾಕಿಂಗ್. ಚಿಮಿಣಿ ಎಣ್ಣೆಗೆ ನಾಕಿಂಗ್ ತಡೆಯುವ ಶಕ್ತಿ ಪೆಟ್ರೋಲ್‌ಗಿಂತ ತುಂಬಾ ಕಡಿಮೆ. ಅದರ ಮೇಲೆ ಲೀನ್ ಮಾಡಿದರೆ, ಅದರ ಮೇಲೆ ಕಾರ್ಬನ್ ಕೆಂಡವಾಗಿ ಕೂತಿದ್ದರೆ, ಪ್ಲಗ್ ಕಿಡಿ ಬರುವ ಮೊದಲೇ ಎಣ್ಣೆ ಉರಿಯುತ್ತದೆ.

ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದೆ. ಮೇಲಿನದು 105 ಪಿಎಸ್‌ಐ, ಕೆಳಗಿನದು 72. ಹೆಡ್ ಬಿಚ್ಚಿದೆ. ಪಿಸ್ಟನ್ ತಲೆಯ ಮೇಲೆ ಒಂದು ಮಿಲಿಮೀಟರ್‌ನಷ್ಟು ಗಟ್ಟಿ ಕರಿ. ಅಡುಗೆ ಮನೆಯ ಹಳೆ ಬಾಣಲೆಯ ತಳದ ಹಾಗೆ. ಎಕ್ಸಾಸ್ಟ್ ಪೋರ್ಟ್ ಮೂರನೇ ಒಂದು ಪಾಲು ಮುಚ್ಚಿತ್ತು. ಸುತ್ತು 4200ಕ್ಕೆ ನಿಂತದ್ದು ಅದಕ್ಕೇ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದು ಹೇಗೆ? ಕೆಳಗಿನ ಪಿಸ್ಟನ್ನಿನ ಮೇಲಿನ ರಿಂಗ್ ತನ್ನ ಕಾಲುವೆಯಲ್ಲೇ ಅಂಟಿಕೊಂಡಿತ್ತು, ಉಗುರಿನಿಂದ ತಳ್ಳಿದರೂ ಅಲ್ಲಾಡಲಿಲ್ಲ.

ಆ ರಿಂಗ್ ಅಂಟಿದ್ದೇ ಪಿಸ್ಟನ್ ಸುಡಲು ಮುಖ್ಯ ಕಾರಣ. ಪಿಸ್ಟನ್ನಿಗೆ ನೀರು ತಾಗುವುದಿಲ್ಲ. ಅದರ ಬಿಸಿ ಹೆಚ್ಚಾಗಿ ರಿಂಗ್ ಮೂಲಕವೇ ಸಿಲಿಂಡರ್ ಗೋಡೆಗೆ ಹೋಗಿ, ಅಲ್ಲಿಂದ ನೀರಿಗೆ ಹೋಗಬೇಕು. ರಿಂಗ್ ಕರಿಯಲ್ಲಿ ಹೂತು ಗೋಡೆಗೆ ಸರಿಯಾಗಿ ತಾಗದಿದ್ದರೆ, ಗೋಡೆ ತಣ್ಣಗೆ ಇದ್ದರೂ ಪಿಸ್ಟನ್ ತಲೆ ಸುಡುತ್ತಲೇ ಇರುತ್ತದೆ. ಗೋಡೆ ತಣ್ಣಗೆ, ತಲೆ ಸುಡುಸುಡು. ಎರಡೂ ಒಟ್ಟಿಗೆ ಇರಬಹುದು ಎನ್ನುವುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಈ ಎಂಜಿನ್‌ನಲ್ಲಿ ಅದರ ಮೊದಲ ಅರ್ಧವನ್ನು ನಾನು ಗಮನಿಸಲಿಲ್ಲ.

ಕರಿ ತೆಗೆಯುವ ಕೆಲಸದಲ್ಲಿ ಅವಸರ ಮಾಡಬಾರದು. ಡಿಕಾರ್ಬನ್ ದ್ರವ ಹಾಕಿ ಒಂದು ರಾತ್ರಿ ಬಿಟ್ಟೆ. ಪಿಸ್ಟನ್ ಮೇಲೆ ತಂದು, ಸುತ್ತ ಅಂಚಿಗೆ ಗ್ರೀಸ್ ತುಂಬಿದೆ. ಕೆರೆದ ಪುಡಿ ಕೆಳಗೆ ಬೀಳದೆ ಗ್ರೀಸಿಗೆ ಅಂಟುತ್ತದೆ. ಕೆರೆಯಲು ಬಿದಿರಿನ ಸೀಳು. ಉಳಿ, ಸ್ಕ್ರೂಡ್ರೈವರ್ ಬೇಡವೇ ಬೇಡ. ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೆ ಮುಂದಿನ ಕರಿ ಅಲ್ಲೇ ಮೊದಲು ಹಿಡಿಯುತ್ತದೆ. ಆಮೇಲೆ ಎರಡೂ ಪಿಸ್ಟನ್ ಹೊರಗೆ ತೆಗೆದೆ. ರಿಂಗಿನ ಕಾಲುವೆಯನ್ನು ಹಳೆ ರಿಂಗ್ ಮುರಿದ ತುಂಡಿನಿಂದಲೇ ಗೀಚಿ ತೆಗೆದೆ, ಅಳತೆ ಸರಿಯಾಗಿ ಕೂರುತ್ತದೆ. ಕೆಳಗಿನ ಪಿಸ್ಟನ್ ಬದಲಿಸಿದೆ. ಎರಡಕ್ಕೂ ಹೊಸ ರಿಂಗ್, ಹೊಸ ಹೆಡ್ ಗ್ಯಾಸ್ಕೆಟ್. ಜೆಟ್ ಪುಸ್ತಕದ ಸೈಜ್‌ಗೆ ವಾಪಸ್. ಆಯಿಲ್ 50:1, ಸರಿಯಾದ ಡಬ್ಬಿಯದ್ದು. ಹೊಸ ರಿಂಗ್ ಪಳಗುವವರೆಗೆ ಮಾತ್ರ ಸ್ವಲ್ಪ ಜಾಸ್ತಿ.

ಜೋಡಿಸಿ ಕಂಪ್ರೆಶನ್ ನೋಡಿದರೆ ಮೇಲಿನದು 98, ಕೆಳಗಿನದು 95. ಯಜಮಾನರಿಗೆ ಗಾಬರಿ. "ಮೇಲಿನದು 105 ಇತ್ತಲ್ಲ, ಕಡಿಮೆ ಆಯ್ತಲ್ಲ?" ಅವರ ಪ್ರಶ್ನೆ ಸರಿಯಾದದ್ದೇ. ಕರಿ ಜಾಗ ತಿಂದಿದ್ದರಿಂದ ಅಲ್ಲಿ ಒತ್ತಡ ಸುಳ್ಳಾಗಿ ಜಾಸ್ತಿ ತೋರಿಸುತ್ತಿತ್ತು. ಎರಡು ಸಿಲಿಂಡರ್ ಹತ್ತಿರ ಹತ್ತಿರ ಬಂತಲ್ಲ, ನೋಡಬೇಕಾದದ್ದು ಅದನ್ನು. ಒಂದೇ ಸಿಲಿಂಡರ್‌ನ ಅಂಕಿ ನೋಡಿ "ಕಂಪ್ರೆಶನ್ ಸೂಪರ್" ಎಂದು ಹೇಳುವವರನ್ನು ನಂಬಬೇಡಿ.

ನಾನು ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡೆ.

ಹನ್ನೆರಡು ದಿನ

ಹನ್ನೆರಡನೇ ದಿನ ಫೋನ್ ಬಂತು. ಪ್ಲಗ್ ಮತ್ತೆ ಕಪ್ಪು, ಮತ್ತೆ ಒದ್ದೆ.

ಆಯಿಲ್ ಸರಿ, ಜೆಟ್ ಸರಿ, ರಿಂಗ್ ಹೊಸದು. ಕಾಯಿಲ್ ನೋಡಿದೆ, ಕಿಡಿ ನೀಲಿ, ಗಟ್ಟಿ. ಫ್ಲೋಟ್ ಮಟ್ಟ ನೋಡಿದೆ, ಸರಿ. ಆಗ ನನಗೂ ಜೆಟ್ ಕಡೆಗೇ ಕೈ ಹೋಯಿತು. ಅರ್ಧ ಸೈಜ್ ಸಣ್ಣದು ಹಾಕಿದರೆ? ಜೆಟ್ ಕೈಯಲ್ಲೇ ಇತ್ತು. ಆ ಮಿನುಗುವ ಚುಕ್ಕೆ ನೆನಪಾಗಿ ನಿಲ್ಲಿಸಿದೆ. ಲೀನ್ ಮಾಡಿದರೆ ಪ್ಲಗ್ ಬಣ್ಣ ತಿಳಿಯಾಗುತ್ತದೆ, ನಿಜ. ಆದರೆ ಕಪ್ಪಾಗುವ ಕಾರಣ ಗೊತ್ತಾಗದೆ ಬಣ್ಣ ಮಾತ್ರ ಸರಿ ಮಾಡಿದರೆ ಇನ್ನೊಂದು ಪಿಸ್ಟನ್ ಹೋಗುತ್ತದೆ. ಮೊದಲ ಮೆಕ್ಯಾನಿಕ್ ಮಾಡಿದ್ದು ಅದನ್ನೇ ಅಲ್ವಾ?

ಚಳಿ ದೇಶಗಳಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಜಿನ್‌ಗಳೂ ಬಹಳ ಕಾಲ ಹೆಚ್ಚಾಗಿ ಟೂ ಸ್ಟ್ರೋಕ್‌ಗಳೇ ಆಗಿದ್ದವು. ಕಾರ್ಬುರೇಟರ್ ಇರುವ ಗಾಡಿಯಾದರೆ ಅಲ್ಲಿಯವರು ಚಳಿ ಏರಿ ಇಳಿದಂತೆ ಜೆಟ್ ಬದಲಿಸುತ್ತಾರೆ. ಗಾಳಿ ತಣ್ಣಗಾದಷ್ಟೂ ದಟ್ಟವಾಗುತ್ತದೆ, ಅದಕ್ಕೆ ಜಾಸ್ತಿ ಎಣ್ಣೆ ಬೇಕು. ಅಲ್ಲಿ ಒಂದೇ ಚಳಿಗಾಲದಲ್ಲಿ ಉಷ್ಣತೆ ಮೂವತ್ತು, ನಲವತ್ತು ಡಿಗ್ರಿ ಅತ್ತಿತ್ತ ಆಗಬಹುದು. ನಮ್ಮಲ್ಲಿ ಜನವರಿಯ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿ ವ್ಯತ್ಯಾಸ ಸಿಕ್ಕಿದರೆ ಹೆಚ್ಚು. ಎತ್ತರವಂತೂ ಸಮುದ್ರ ಮಟ್ಟವೇ. ಹಾಗಾಗಿ ಮಲ್ಪೆಯಲ್ಲಿ ನಾಲ್ಕು ವರ್ಷ ಸರಿಯಾಗಿ ಓಡಿದ ಜೆಟ್ ಐದನೇ ವರ್ಷ ತಾನಾಗಿ ತಪ್ಪಾಗುವುದಿಲ್ಲ. ಬದಲಾದದ್ದು ಬೇರೆ ಏನೋ ಇರಲೇಬೇಕು.

ಮರುದಿನ ಅವರ ಜೊತೆ ದೋಣಿಯಲ್ಲೇ ಹೋದೆ. ಡಿಸೆಂಬರ್, ಮುಂಜಾನೆ, ಗಾಳಿ ತಣ್ಣಗೆ. ಬಲೆ ಬಿಡುತ್ತಾ ಒಂದು ಗಂಟೆ ನಿಧಾನ ಓಡಿತು. ಎಂಜಿನ್ನಿನಿಂದ ನೀರಿನ ಧಾರೆ ದಪ್ಪಗೆ ಚಿಮ್ಮುತ್ತಿತ್ತು. ಯಜಮಾನರು ತೋರಿಸಿದರು: "ನೀರು ಚೆನ್ನಾಗಿ ಬರ್ತಿದೆ, ಕೂಲಿಂಗ್‌ಗೆ ಏನೂ ತೊಂದರೆ ಇಲ್ಲ." ಆಗ ಹುಡುಗ ಕವರ್ ತೆಗೆದು ಎರಡೂ ಅಂಗೈಯನ್ನು ಎಂಜಿನ್ ಹೆಡ್ ಮೇಲೆ ಇಟ್ಟ. "ಮೊದಲೆಲ್ಲ ಚಳಿಗೆ ಇಲ್ಲಿ ಕೈ ಕಾಯಿಸ್ತಿದ್ದೆ. ಕೈ ಇಡ್ಲಿಕ್ಕೇ ಆಗ್ತಿರಲಿಲ್ಲ. ಈಗ ಬಿಸಿಯೇ ಇಲ್ಲ."

ನನಗೆ ಮೈ ಜುಮ್ಮೆಂದಿತು. ಕೈ ಇಟ್ಟು ನೋಡಿದೆ. ಉಗುರು ಬೆಚ್ಚಗೆ, ಅಷ್ಟೇ. ದಡಕ್ಕೆ ಬಂದು ಇನ್ನೊಮ್ಮೆ ಓಡಿಸಿ ಥರ್ಮಾಮೀಟರ್ ಹಿಡಿದೆ. 40 ಡಿಗ್ರಿ. ಸಮುದ್ರದ ನೀರೇ 28. ಥರ್ಮೋಸ್ಟಾಟ್‌ನ ಸಣ್ಣ ಮುಚ್ಚಳ ಬಿಚ್ಚಿದೆ. ಎಂಜಿನ್ ಬಿಸಿಯಾಗುವವರೆಗೆ ತಣ್ಣೀರನ್ನು ತಡೆದು ಹಿಡಿಯುವ ಕವಾಟ ಅದು. ಒಳಗೆ ಖಾಲಿ.

ಎರಡು ವರ್ಷದ ಹಿಂದೆ ಉಪ್ಪು ಕಟ್ಟಿ ಥರ್ಮೋಸ್ಟಾಟ್ ಜಾಮ್ ಆಗಿ ಎಂಜಿನ್ ಬಿಸಿಯಾಗಿತ್ತು. ಆಗ ರಿಪೇರಿ ಮಾಡಿದವರು ಅದನ್ನು ತೆಗೆದು ಹಾಗೇ ಮುಚ್ಚಿದ್ದರು. ಯಜಮಾನರಿಗೆ ಗೊತ್ತೇ ಇರಲಿಲ್ಲ. ಇದು ನಮ್ಮ ಕರಾವಳಿಯಲ್ಲಿ ಬಹಳ ಕಡೆ ನಡೆಯುವ ಕೆಲಸ. ಮಾಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಎಂಜಿನ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ. ನಾನು ಹೆಡ್ ಬಿಚ್ಚಿದಾಗ ಪಕ್ಕದಲ್ಲೇ ಇದ್ದ ಎರಡು ಬೋಲ್ಟಿನ ಆ ಮುಚ್ಚಳವನ್ನು ತೆಗೆದು ನೋಡಲಿಲ್ಲ. ಐದು ನಿಮಿಷದ ಕೆಲಸ. ನೋಡಿದ್ದರೆ ಆ ಮನೆಗೆ ಹನ್ನೆರಡು ದಿನದ ಕಷ್ಟ ಉಳಿಯುತ್ತಿತ್ತು.

ಮೂರು ಸೇರಿ ಒಂದು

ಪೆಟ್ರೋಲ್ 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ. ಚಿಮಿಣಿ ಎಣ್ಣೆ ಕುದಿಯಲು 150 ದಾಟಬೇಕು. ಅದು ಎಂಜಿನ್ನಿನೊಳಗೆ ಹನಿಯಾಗಿ ಉಳಿಯದೆ ಉರಿಯಬೇಕಾದರೆ ಒಳಗಿನ ಲೋಹ ಬಿಸಿಯಾಗಿರಲೇಬೇಕು. ತಣ್ಣನೆಯ ಗೋಡೆಗೆ ತಾಗಿದ ಹನಿ ಅರ್ಧ ಉರಿದು ಮಸಿಯಾಗುತ್ತದೆ, ಆಯಿಲ್ ಜೊತೆ ಸೇರಿ ಅಂಟಾಗುತ್ತದೆ, ಆಮೇಲೆ ಒಮ್ಮೆ ಫುಲ್ ಥ್ರಾಟಲ್ ಕೊಟ್ಟಾಗ ಸುಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಅಂಜಲಿಗೆ ದೂರ ಹೋಗುವಾಗ ಎಂಜಿನ್ ದುಡಿದು ದುಡಿದು ಹೇಗೋ ಬಿಸಿಯಾಗುತ್ತಿತ್ತು. ಅದಕ್ಕೇ ಥರ್ಮೋಸ್ಟಾಟ್ ಇಲ್ಲದೆಯೂ ಎರಡು ವರ್ಷ ನಡೆಯಿತು. ಕಂತಬಲೆಗೆ ಬಂದು ನಿಧಾನ ಓಟ ಶುರುವಾದಾಗ ಆ ಬಿಸಿಯೂ ಹೋಯಿತು. ಅದರ ಮೇಲೆ ಎರಡು ಪಟ್ಟು ಆಯಿಲ್. ಇನ್ನೊಂದೂ ಇತ್ತು. ಪೆಟ್ರೋಲ್ ಉಳಿಸಲು ಇವರು ಎಂಜಿನ್ ನಿಲ್ಲಿಸುವ ಮೊದಲು ಪೆಟ್ರೋಲ್‌ಗೆ ತಿರುಗಿಸುವುದನ್ನು ಬಿಟ್ಟಿದ್ದರು. ಹಾಗೆ ಬಿಟ್ಟರೆ ಕಾರ್ಬುರೇಟರ್‌ನಲ್ಲಿ ಚಿಮಿಣಿ ಎಣ್ಣೆಯೇ ಉಳಿಯುತ್ತದೆ, ಮರುದಿನದ ಸ್ಟಾರ್ಟ್ ತಣ್ಣನೆಯ ಚಿಮಿಣಿ ಎಣ್ಣೆಯಲ್ಲಿ.

ಹೊಸ ಥರ್ಮೋಸ್ಟಾಟ್ ಹಾಕಿದೆ, 60 ಡಿಗ್ರಿಗೆ ತೆರೆಯುವುದು. ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ ಅದು ತೆರೆಯುವುದನ್ನು ಮೂವರಿಗೂ ತೋರಿಸಿದೆ. ಕಣ್ಣಲ್ಲಿ ನೋಡಿದ್ದನ್ನು ಯಾರೂ ಮತ್ತೆ ತೆಗೆಸುವುದಿಲ್ಲ. ಉಪ್ಪು ಮತ್ತೆ ಕಟ್ಟುವುದು ಖಂಡಿತ. ಅದಕ್ಕೆ ದಿನಾ ಬಂದ ಮೇಲೆ ಡ್ರಮ್‌ನಲ್ಲಿ ಸಿಹಿನೀರು ಹಾಕಿ ಹತ್ತು ನಿಮಿಷ ಓಡಿಸಬೇಕು. ಅವರ ಬಾವಿ ನೀರು ಬೇಸಿಗೆಯಲ್ಲಿ ಸ್ವಲ್ಪ ಸವುಳು, ಹಾಗಾಗಿ ನಳ್ಳಿ ನೀರು ಹಿಡಿದಿಡಲು ಹೇಳಿದೆ. ನಿಲ್ಲಿಸುವ ಮೊದಲು ಐದು ನಿಮಿಷ ಪೆಟ್ರೋಲ್. ಬಲೆ ಎಳೆಯುವುದು ಅರ್ಧ ಗಂಟೆ ದಾಟುತ್ತದೆ ಎಂದಾದರೆ ಆಗಲೂ ಪೆಟ್ರೋಲ್. ಇದಕ್ಕೆ ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ಪೆಟ್ರೋಲ್ ಬೆಲೆ ಯಾರಿಗೆ ಗೊತ್ತಿಲ್ಲ? ನಾವು ಕೂತು ಲೆಕ್ಕ ಹಾಕಿದೆವು. ನಿಲ್ಲಿಸುವ ಮೊದಲಿನ ಐದು ನಿಮಿಷಕ್ಕೆ ಸುಮಾರು 100 ಮಿಲಿ. ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಕೆಲಸವಿಲ್ಲದ ದಿನಗಳು, ಎಲ್ಲವನ್ನೂ ಇನ್ನೊಂದು ಕಡೆ ಬರೆದೆವು. ಮಗ ಒಪ್ಪಿದ, ಅವನಿಂದ ಅಪ್ಪನೂ ಒಪ್ಪಿದರು.

ಕೊನೆಗೆ ಕಾರ್ಬುರೇಟರ್. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ದೋಣಿ ನೀರಲ್ಲಿದ್ದು ಗೇರ್ ಹಾಕಿದ ಸ್ಥಿತಿಯಲ್ಲಿ. ಮೊದಲು ಗಾಳಿ ಸ್ಕ್ರೂ ಮೆಲ್ಲಗೆ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ. ಅಲ್ಲಿಂದ ಕಾಲು ಕಾಲು ಸುತ್ತು ಆಚೆ ಈಚೆ ಮಾಡಿ, ಸದ್ದು ಒಂದೇ ಸಮ ಬರುವ ಜಾಗ ಹುಡುಕಿ, ಅಲ್ಲಿಂದ ಕೂದಲೆಳೆಯಷ್ಟು ಒಳಗೆ. ಗಾಳಿ ಸ್ಕ್ರೂ ಒಳಗೆ ಹೋದರೆ ರಿಚ್. ಕೆಲವು ಕಾರ್ಬುರೇಟರ್‌ಗಳಲ್ಲಿ ಆ ಸ್ಕ್ರೂ ಎಣ್ಣೆಯದ್ದು, ಅಲ್ಲಿ ಲೆಕ್ಕ ತಿರುವುಮುರುವು. ಮುಟ್ಟುವ ಮೊದಲು ಯಾವುದು ಎಂದು ತಿಳಿದಿರಬೇಕು. ಆಮೇಲೆ ಫುಲ್ ಥ್ರಾಟಲ್‌ನಲ್ಲಿ ಎರಡು ನಿಮಿಷ ಓಡಿಸಿ, ಥ್ರಾಟಲ್ ಇಳಿಸದೆ ಹಾಗೇ ಸ್ಟಾಪ್ ಬಟನ್ ಒತ್ತಿ, ಅಲ್ಲೇ ಪ್ಲಗ್ ತೆಗೆದು ನೋಡಿದೆ. ನಿಧಾನವಾಗಿ ದಡಕ್ಕೆ ಬಂದು ತೆಗೆದ ಪ್ಲಗ್ ಹೇಳುವುದು ನಿಧಾನ ಓಟದ ಕತೆಯನ್ನು ಮಾತ್ರ. ಬಣ್ಣ ಹಾಲು ಹಾಕಿದ ಚಹಾದ ಹಾಗಿತ್ತು. ಜೆಟ್ ಮುಟ್ಟುವ ಅಗತ್ಯವೇ ಬರಲಿಲ್ಲ.

ಫೆಬ್ರವರಿಯಲ್ಲಿ ನೋಡಿದಾಗ ಹೆಡ್ 62 ಡಿಗ್ರಿ, ಸುತ್ತು 5000ದ ಹತ್ತಿರ. ಡಿಸೆಂಬರ್‌ನಲ್ಲಿ ದಿನಕ್ಕೆ 22 ಲೀಟರ್ ಕುಡಿಯುತ್ತಿದ್ದ ಕಡೆ 18. ಪ್ಲಗ್ ಎರಡು ತಿಂಗಳು ತೆಗೆಯಲಿಲ್ಲವಂತೆ. ಧಾರೆ ಮೊದಲಿಗಿಂತ ಸಣ್ಣದಾಗಿದೆ ಎಂದು ಯಜಮಾನರು ಎರಡು ಸಲ ಫೋನ್ ಮಾಡಿ ಕೇಳಿದರು. ಪೂರ್ತಿ ನಿಂತರೆ ಅಥವಾ ಆವಿ ಬಂದರೆ ಮಾತ್ರ ಎಂಜಿನ್ ಆಫ್ ಮಾಡಿ ಎಂದೆ. ಕೈ ತಾಗಿಸಿ ನೋಡುವ ಕೆಲಸ ಹುಡುಗನಿಗೆ ಬಿಟ್ಟೆವು. ದಿನಾ ಮಾಡುತ್ತಾನೆ.

ಮೇ ಕೊನೆಯ ವಾರ, ಮಳೆಗಾಲದ ಮೀನುಗಾರಿಕೆಗೆ ಮೊದಲು, ಎಕ್ಸಾಸ್ಟ್ ಕವರ್ ಬಿಚ್ಚಿ ಪೋರ್ಟ್ ನೋಡಿದೆ. ಕಾಗದದಷ್ಟು ತೆಳ್ಳಗೆ ಮಸಿ, ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು, ರಿಂಗ್ ಕಡ್ಡಿಯಲ್ಲಿ ಒತ್ತಿದರೆ ಸ್ಪ್ರಿಂಗ್‌ನ ಹಾಗೆ ವಾಪಸ್ ಬಂತು. ಕೆಳಗಿನ ಸಿಲಿಂಡರ್‌ನ ಪ್ಲಗ್ ಮಾತ್ರ ಮೇಲಿನದ್ದಕ್ಕಿಂತ ಒಂದು ಛಾಯೆ ಗಾಢ. ಒಂದೇ ಕಾರ್ಬುರೇಟರ್ ಎರಡು ಸಿಲಿಂಡರ್‌ಗೆ ಹಂಚುವಾಗ ಅಷ್ಟು ವ್ಯತ್ಯಾಸ ಇರಬಹುದು. ಆದರೂ ಎರಡೂ ಪ್ಲಗ್‌ಗಳನ್ನು ಕಾಗದದಲ್ಲಿ ಸುತ್ತಿ, ತಾರೀಖು ಬರೆದು ಶೆಡ್‌ನ ಕಪಾಟಿನಲ್ಲಿ ಇಟ್ಟಿದ್ದೇನೆ. ಆಗಸ್ಟ್‌ನಲ್ಲಿ ಎಂಜಿನ್ ಮತ್ತೆ ಬಂದಾಗ ಪಕ್ಕದಲ್ಲಿಟ್ಟು ನೋಡಲು ಬೇಕು.